ವಾಷಿಂಗ್ಟನ್ ಬೆಳೆದ ಹೊಗೆಸೊಪ್ಪು, ಲಂಡನ್ ಸಾಹುಕಾರನ ಖಾತೆ

ಪ್ರಶ್ನೆ: ನಾವು ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ತಂಬಾಕು ಬೆಳೆಯುವವರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕೂಡ ತಂಬಾಕು ಬೆಳೆಗಾರನಾಗಿದ್ದ, ಲಂಡನ್ನಿನ ವ್ಯಾಪಾರಿಯೊಬ್ಬನಿಗೆ ವರ್ಷಗಟ್ಟಲೆ ಸಾಲಗಾರನಾಗಿದ್ದ ಅಂತ ಓದಿದೆ. ಸಾವಿರಾರು ಎಕರೆ ಇದ್ದವನಿಗೆ ಸಾಲ ಯಾಕಾಯ್ತು? ವ್ಯಾಪಾರಿ ಮೋಸ ಮಾಡಿದನಾ? ಬೆಲೆ ಸರಿಯಿಲ್ಲ ಅಂದರೆ ಬೇರೆಯವರಿಗೆ ಮಾರಬಹುದಿತ್ತಲ್ಲ?

ಉತ್ತರ: ಮೋಸದ ಪಾಲು ಇತ್ತು, ಆದರೆ ಸಣ್ಣದು. ದೊಡ್ಡ ಪಾಲು ಆ ವ್ಯವಹಾರ ನಡೆಯುತ್ತಿದ್ದ ರೀತಿಯದು. ವಾಷಿಂಗ್ಟನ್‌ನ ಸೊಪ್ಪು ಮಾರಿಕೊಡುತ್ತಿದ್ದವನು, ಅವನಿಗೆ ಬಟ್ಟೆಬರೆ, ಸಾಮಾನು ಕಳಿಸುತ್ತಿದ್ದವನು, ಕಡಿಮೆ ಬಿದ್ದಾಗ ಸಾಲ ಕೊಡುತ್ತಿದ್ದವನು, ಇದೆಲ್ಲದರ ಲೆಕ್ಕ ಬರೆಯುತ್ತಿದ್ದವನು, ಎಲ್ಲ ಒಬ್ಬನೇ. ನಮ್ಮ ಮಲೆನಾಡಿನ ಹಳೇ ಅಡಿಕೆ ಮಂಡಿಗಳನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಡಿಕೆ ಮಂಡಿಗೆ ಹಾಕುವುದು, ಮಾರಾಟವಾಗುವ ಮೊದಲೇ ಮುಂಗಡ ತರುವುದು, ಮಗಳ ಮದುವೆಗೂ ಅಲ್ಲಿಂದಲೇ ದುಡ್ಡು ಎತ್ತುವುದು. ಮಂಡಿ ಬದಲಾಯಿಸಬೇಕು ಅಂದರೆ ಮೊದಲು ಹಳೇ ಬಾಕಿ ಚುಕ್ತಾ ಆಗಬೇಕು. ವಾಷಿಂಗ್ಟನ್‌ನ ಮಂಡಿ ಅಟ್ಲಾಂಟಿಕ್ ಸಾಗರದ ಆಚೆ ಇತ್ತು. ಒಂದು ಕಾಗದಕ್ಕೆ ಉತ್ತರ ಬರಲು ತಿಂಗಳುಗಳೇ ಬೇಕಿತ್ತು. ಅದೊಂದೇ ವ್ಯತ್ಯಾಸ.

ಮುಂದಕ್ಕೆ ಹೋಗುವ ಮೊದಲು, ನೀವು ಬೆಳೆಗಾರರು ಅಂದಿದ್ದಕ್ಕೆ ಒಂದು ಮಾತು. ನಿಮ್ಮ ಬ್ಯಾರನ್‌ನಲ್ಲಿ ಬಿಸಿಗಾಳಿಯಲ್ಲಿ ಬೇಯುವ ಎಫ್‌ಸಿವಿ (ಫ್ಲೂ ಕ್ಯೂರ್ಡ್ ವರ್ಜೀನಿಯಾ) ತಂಬಾಕು ವಾಷಿಂಗ್ಟನ್ ಕಾಲದಲ್ಲಿ ಇರಲೇ ಇಲ್ಲ. ಆ ಹದ ಗೊತ್ತಾಗಿದ್ದು 1839ರ ಸುಮಾರಿಗೆ, ಉತ್ತರ ಕ್ಯಾರೊಲಿನಾದಲ್ಲಿ. ಅದನ್ನು ಕಂಡುಕೊಂಡವನು ಸ್ಟೀಫನ್ ಎಂಬ ಗುಲಾಮ ಅಂತ ಹೇಳುತ್ತಾರೆ. ವಾಷಿಂಗ್ಟನ್ ಕಾಲದ ವರ್ಜೀನಿಯಾದಲ್ಲಿ (ಅದು ಆಗ ಬ್ರಿಟನ್ನಿನ ವಸಾಹತು) ಸೊಪ್ಪನ್ನು ದೊಡ್ಡ ಮರದ ಕೊಟ್ಟಿಗೆಯಲ್ಲಿ ನೇತುಹಾಕಿ ಗಾಳಿಗೆ ಒಣಗಿಸುತ್ತಿದ್ದರು. ಅದರಲ್ಲೂ ಮುಖ್ಯವಾಗಿ ಎರಡು ಜಾತಿ. ಯಾರ್ಕ್ ನದಿಯ ಕಡೆಯ 'ಸ್ವೀಟ್ ಸೆಂಟೆಡ್' ಮೃದು. ಇಂಗ್ಲೆಂಡಿನ ಜನ ಸೇದುತ್ತಿದ್ದದ್ದು ಅದನ್ನು. ಇನ್ನೊಂದು 'ಓರೊನೋಕೊ', ಖಾರ ಜಾಸ್ತಿ. ಅದರಲ್ಲಿ ಹೆಚ್ಚಿನದು ಇಂಗ್ಲೆಂಡಿಗೆ ಬಂದು ಅಲ್ಲಿಂದ ಯೂರೋಪಿನ ಬೇರೆ ದೇಶಗಳಿಗೆ ಹೋಗುತ್ತಿತ್ತು.

ಇನ್ನು ಈ ಖಾತೆ ಶುರುವಾದ ಕತೆ. ಇದು ವಾಷಿಂಗ್ಟನ್‌ನಿಂದ ಶುರುವಾದದ್ದಲ್ಲ, ಅವನ ಹೆಂಡತಿಯ ಮನೆಯಿಂದ ಬಂದದ್ದು. ಮಾರ್ಥಾಳ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್ ವರ್ಜೀನಿಯಾದ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಲಂಡನ್ನಿನ ರಾಬರ್ಟ್ ಕೇರಿ ಅಂಡ್ ಕಂಪನಿಗೆ ಅವನ ಮನೆಯಿಂದ ಸೊಪ್ಪು ಹೋಗುತ್ತಿತ್ತು. 1757ರ ಜುಲೈನಲ್ಲಿ ಅವನು ತೀರಿಕೊಂಡ. ಉಯಿಲು ಬರೆದಿರಲಿಲ್ಲ. ಮಾರ್ಥಾಗೆ ಆಗ 26 ವರ್ಷ, ಕೈಯಲ್ಲಿ ಎರಡು ಸಣ್ಣ ಮಕ್ಕಳು. ಮುಂದಿನ ತಿಂಗಳೇ ಆಕೆ ಕೇರಿ ಕಂಪನಿಗೆ ತಾನೇ ಕಾಗದ ಬರೆದಳು: ವರ್ಷವರ್ಷವೂ ಸೊಪ್ಪಿನ ದೊಡ್ಡ ಪಾಲು ನಿಮಗೇ ಕಳಿಸುತ್ತೇನೆ, ಆದಷ್ಟೂ ಒಳ್ಳೆಯದನ್ನೇ ಕಳಿಸುತ್ತೇನೆ, ಒಳ್ಳೆ ಬೆಲೆ ತಂದುಕೊಡಿ. ಮಾರ್ಥಾ ಅಂದರೆ ಮನೆಯೊಳಗೆ ಹೆಣಿಗೆ ಹಾಕುತ್ತಾ ಕೂತ ಅಜ್ಜಿಯ ಚಿತ್ರವೇ ನಮಗೆ ಸಿಗುವುದು. ಆ ಕಾಗದ ಓದಿದರೆ ವ್ಯಾಪಾರ ಗೊತ್ತಿದ್ದ ಹೆಂಗಸು ಕಾಣುತ್ತಾಳೆ.

1759ರ ಜನವರಿಯಲ್ಲಿ ಮಾರ್ಥಾ ವಾಷಿಂಗ್ಟನ್‌ನನ್ನು ಮದುವೆಯಾದಳು. ಮೇ 1ರಂದು ಅವನು ಕೇರಿಗೆ ಬರೆದ. ಮದುವೆಯ ಸರ್ಟಿಫಿಕೇಟಿನ ಪ್ರತಿ ಲಗತ್ತಿಸಿ, ಇನ್ನು ಮುಂದೆ ಕಸ್ಟಿಸ್ ಆಸ್ತಿಯ ಕಾಗದಪತ್ರ ಎಲ್ಲಾ ನನ್ನ ಹೆಸರಿಗೆ ಕಳಿಸಿ ಅಂದ. ಆಗಿನ ಇಂಗ್ಲಿಷ್ ಕಾನೂನಿನಂತೆ ಹೆಂಡತಿಯ ಪಾಲಿನ ಆಡಳಿತ ಗಂಡನ ಕೈಗೆ. ಕಸ್ಟಿಸ್ ಆಸ್ತಿ ಮೂರು ಪಾಲಾಗಿತ್ತು: ಒಂದು ಮಾರ್ಥಾಗೆ, ಒಂದು ಮಗ ಜ್ಯಾಕಿಗೆ, ಒಂದು ಮಗಳು ಪ್ಯಾಟ್ಸಿಗೆ. ಮಾರ್ಥಾಳ ಪಾಲಿನಲ್ಲಿ 84 ಗುಲಾಮರೂ ಇದ್ದರು. ಮಕ್ಕಳ ಪಾಲಿಗೂ ವಾಷಿಂಗ್ಟನ್ನೇ ಪೋಷಕ. ಈ ಮೂರು ಪಾಲಿನ ವಿಚಾರ ನೆನಪಿರಲಿ, ಸಾಲ ತೀರುವ ಹೊತ್ತಿಗೆ ಬೇಕಾಗುತ್ತದೆ.

ಈಗ ಸೊಪ್ಪಿನ ದಾರಿ ನೋಡೋಣ. ಚಳಿಗಾಲದ ಕೊನೆಯಲ್ಲಿ ಸಸಿ ಮಡಿ, ಮೇ ತಿಂಗಳ ಮಳೆಗೆ ನಾಟಿ, ಆಮೇಲೆ ಕುಡಿ ಮುರಿಯುವುದು, ಕಂಕುಳ ಚಿಗುರು ಕೀಳುವುದು, ಹುಳ ಆರಿಸುವುದು. ಇದೆಲ್ಲ ನಿಮಗೆ ನಾನು ಹೇಳಬೇಕಿಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಟಾವು. ಒಣಗಿದ ಸೊಪ್ಪನ್ನು ಹಾಗ್ಸ್‌ಹೆಡ್ ಎನ್ನುವ ದೊಡ್ಡ ಮರದ ಪೀಪಾಯಿಗೆ ಒತ್ತಿ ತುಂಬುತ್ತಿದ್ದರು. ಒಂದರಲ್ಲಿ ಸುಮಾರು 1,000 ಪೌಂಡ್, ಅಂದರೆ ನಾಲ್ಕೂವರೆ ಕ್ವಿಂಟಾಲ್. ಒಬ್ಬ ಆಳು ವರ್ಷವಿಡೀ ದುಡಿದರೆ ಹೆಚ್ಚುಕಡಿಮೆ ಅಂಥ ಒಂದು ಪೀಪಾಯಿ ತುಂಬುತ್ತಿತ್ತು. ದುಡಿಯುತ್ತಿದ್ದವರು ಗುಲಾಮರು.

ಪೀಪಾಯಿ ಮೊದಲು ಸರ್ಕಾರಿ ಉಗ್ರಾಣಕ್ಕೆ ಹೋಗಬೇಕು. 1730ರ ತಪಾಸಣೆ ಕಾಯ್ದೆಯಿಂದ ಬಂದ ಏರ್ಪಾಡು ಇದು. ಇನ್ಸ್‌ಪೆಕ್ಟರ್ ಪೀಪಾಯಿ ಒಡೆದು ನೋಡುತ್ತಿದ್ದ. ಕಸ, ಕೊಳೆತದ್ದು ಇದ್ದರೆ ಅಲ್ಲೇ ಸುಡುತ್ತಿದ್ದರು. ಪಾಸಾದರೆ ಒಂದು ಚೀಟಿ. ಆ ಚೀಟಿ ವರ್ಜೀನಿಯಾದಲ್ಲಿ ದುಡ್ಡಿನ ಹಾಗೆ ಓಡಾಡುತ್ತಿತ್ತು. ತೆರಿಗೆಯನ್ನೂ ಪಾದ್ರಿಯ ಸಂಬಳವನ್ನೂ ಸೊಪ್ಪಿನ ಲೆಕ್ಕದಲ್ಲೇ ಕೊಡುತ್ತಿದ್ದರು. ನಾಣ್ಯ ಆ ಊರಲ್ಲಿ ಸಿಗುವುದೇ ಕಷ್ಟವಿತ್ತು. ಉಗ್ರಾಣದಿಂದ ಪೀಪಾಯಿ ಹಡಗಿಗೆ, ಹಡಗಿನಿಂದ ಲಂಡನ್ನಿಗೆ.

ಇಲ್ಲಿ ಒಂದು ವಿಷಯ ಮುಖ್ಯ. ವಾಷಿಂಗ್ಟನ್ ಸೊಪ್ಪು 'ಮಾರುತ್ತಿರಲಿಲ್ಲ'. ಕಳಿಸುತ್ತಿದ್ದ, ಅಷ್ಟೇ. ಹಡಗಿಗೆ ಹತ್ತಿದ ಮೇಲೂ ಸೊಪ್ಪು ಅವನದ್ದೇ. ಮುಳುಗಿದರೆ, ನೆನೆದರೆ, ಬೆಲೆ ಬಿದ್ದರೆ ನಷ್ಟ ಅವನದ್ದೇ. ಲಂಡನ್ನಿನಲ್ಲಿ ಕೇರಿ ಅದನ್ನು ಯಾವಾಗ, ಯಾರಿಗೆ, ಎಷ್ಟಕ್ಕೆ ಮಾರಿದ ಅನ್ನುವುದು ತಿಂಗಳುಗಟ್ಟಲೆ ಆದಮೇಲೆ ಲೆಕ್ಕದ ಹಾಳೆಯಲ್ಲಿ ಗೊತ್ತಾಗುತ್ತಿತ್ತು. ಈ ಪದ್ಧತಿಗೆ ಕನ್ಸೈನ್‌ಮೆಂಟ್ ಅಂತ ಹೆಸರು. ದೊಡ್ಡ ಪ್ಲಾಂಟರ್‌ಗಳು, ಅಂದರೆ ಗುಲಾಮರಿಂದ ಸೊಪ್ಪು ಬೆಳೆಸುತ್ತಿದ್ದ ಜಮೀನ್ದಾರರು, ಇದನ್ನು ಗೌರವದ ವಿಷಯ ಅಂದುಕೊಂಡಿದ್ದರು. ಲಂಡನ್ನಿನಲ್ಲಿ ತಮಗೊಬ್ಬ 'ಸ್ನೇಹಿತ' ಇದ್ದಾನೆ, ತಾವು ಊರ ಅಂಗಡಿಯವನ ಮುಂದೆ ಚೌಕಾಸಿ ಮಾಡುವ ಸಣ್ಣ ರೈತರಲ್ಲ ಅನ್ನುವ ಹೆಮ್ಮೆ. ನನ್ನ ಪ್ರಕಾರ ಆ ಹೆಮ್ಮೆಗೆ ಅವರು ಕೊಟ್ಟ ಬೆಲೆ ಜಾಸ್ತಿಯೇ ಆಯಿತು.

ಲಂಡನ್ನಿನಲ್ಲಿ ಕಳೆಯುತ್ತಿದ್ದ ಬಾಬ್ತುಗಳು ಒಂದೆರಡಲ್ಲ. ಹಡಗಿನ ಬಾಡಿಗೆ, ವಿಮೆ, ಇಳಿಸುವ ಕೂಲಿ, ಪೀಪಾಯಿ ರಿಪೇರಿ, ಉಗ್ರಾಣದ ಬಾಡಿಗೆ. ಅದರ ಮೇಲೆ ಕೇರಿಯ ಕಮಿಷನ್. ಎಲ್ಲಕ್ಕಿಂತ ದೊಡ್ಡದು ಬ್ರಿಟಿಷ್ ಸರ್ಕಾರದ ಆಮದು ಸುಂಕ. ಬೆಳೆಗಾರನ ಕೈಗೆ ಪೌಂಡ್ ತೂಕದ ಸೊಪ್ಪಿಗೆ ಎರಡು ಮೂರು ಪೆನ್ಸ್ (ಬ್ರಿಟಿಷ್ ಚಿಲ್ಲರೆ ಕಾಸು) ಬಂದರೆ, ಇಂಗ್ಲೆಂಡಿನೊಳಗೆ ಮಾರುವ ಸೊಪ್ಪಿನ ಮೇಲಿನ ಸುಂಕ ಅದರ ಕೆಲವು ಪಟ್ಟು ಇರುತ್ತಿತ್ತು. ಬೇರೆ ದೇಶಕ್ಕೆ ಮತ್ತೆ ರಫ್ತಾದರೆ ಸುಂಕ ವಾಪಸ್ ಸಿಗುತ್ತಿತ್ತು.

ಕಮಿಷನ್ ಶೇಕಡ ಎರಡೂವರೆ, ಮೂರು ಅಂದಾಗ 'ಅಷ್ಟೇ ತಾನೆ' ಅನ್ನಿಸುತ್ತದೆ. ಆದರೆ ಅದು ಸುಂಕ ಸೇರಿದ ಪೂರ್ತಿ ಬೆಲೆಯ ಮೇಲೆ. ಒಂದು ಲೆಕ್ಕ ಹಾಕಿ ನೋಡಿ. ಪೌಂಡಿಗೆ 11 ಪೆನ್ಸ್‌ಗೆ ಮಾರಾಟವಾಯಿತು, ಅದರಲ್ಲಿ 8 ಪೆನ್ಸ್ ಸುಂಕಕ್ಕೆ ಹೋಯಿತು ಅಂತ ಇಟ್ಟುಕೊಳ್ಳಿ. ಉಳಿದದ್ದು 3 ಪೆನ್ಸ್. 11ರ ಮೇಲೆ ಶೇಕಡ 3 ಅಂದರೆ ಪೆನ್ಸಿನ ಮೂರನೇ ಒಂದು ಭಾಗ. ಬೆಳೆಗಾರನ 3 ಪೆನ್ಸ್‌ನಲ್ಲಿ ಅದು ಶೇಕಡ 11 ಆಯಿತು! ಸಾಗಣೆ, ವಿಮೆ ಇನ್ನೂ ಕಳೆದಿಲ್ಲ. ಕಾಗದದ ಮೇಲೆ ಸಣ್ಣ ದಲಾಲಿ, ಜೇಬಿನಲ್ಲಿ ದೊಡ್ಡ ಕತ್ತರಿ. ಇದರಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ, ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಸಾಮಾನು ಕೊಂಡು ಕಳಿಸುವಾಗಲೂ ಬಿಲ್ಲಿನ ಮೇಲೆ ಮತ್ತೆ ಕಮಿಷನ್ ಬೀಳುತ್ತಿತ್ತು. ಹಾಗಾಗಿ ಲಂಡನ್ ಅಂಗಡಿಯಲ್ಲಿ ಚೌಕಾಸಿ ಮಾಡುವ ಆಸೆ ವ್ಯಾಪಾರಿಗೆ ಯಾಕಿರಬೇಕು? ಬಿಲ್ಲು ದೊಡ್ಡದಾದಷ್ಟೂ ಅವನಿಗೆ ಲಾಭ ಅಲ್ವಾ?

ನಿಮ್ಮ 'ಮೋಸ'ದ ಪ್ರಶ್ನೆ ನಿಜವಾಗಿ ಬರುವುದು ಈ ಸಾಮಾನುಗಳ ಕಡೆಯಿಂದ. ವಾಷಿಂಗ್ಟನ್ ಪ್ರತಿ ವರ್ಷ ಸೊಪ್ಪಿನ ಜೊತೆ ಉದ್ದನೆಯ ಪಟ್ಟಿ ಕಳಿಸುತ್ತಿದ್ದ. ಸಲಾಕೆ, ಗುದ್ದಲಿ, ಮೊಳೆಯಿಂದ ಹಿಡಿದು ರೇಷ್ಮೆ, ಚಹಾ, ಔಷಧಿ, ಮಕ್ಕಳ ಆಟಿಕೆ ತನಕ. 1759ರಲ್ಲಿ ಮನೆಯ ಅಲಂಕಾರಕ್ಕೆ ಅಲೆಕ್ಸಾಂಡರ್, ಜೂಲಿಯಸ್ ಸೀಸರ್, ಸ್ವೀಡನ್ನಿನ ಹನ್ನೆರಡನೇ ಚಾರ್ಲ್ಸ್, ಪ್ರಷ್ಯಾದ ದೊರೆ ಇಂಥ ಯುದ್ಧವೀರರ ಎದೆಮಟ್ಟದ ವಿಗ್ರಹಗಳನ್ನು ಕೇಳಿದ. ಆ ಅಳತೆಯಲ್ಲಿ ಸಿಗಲಿಲ್ಲ. ಬದಲಿಗೆ ಬಂದದ್ದು ಅಪ್ಪನನ್ನು ಹೊತ್ತ ಈನಿಯಸ್, ಮದ್ಯದ ದೇವತೆ ಬ್ಯಾಕಸ್, ಹೂವಿನ ದೇವತೆ ಫ್ಲೋರಾ, ಜೊತೆಗೆ ಎರಡು ಸಿಂಹ. ಕೇಳಿದ್ದು ಸೇನಾಪತಿಗಳನ್ನು, ಬಂದದ್ದು ಇವು. ವಾಪಸ್ ಕಳಿಸುವ ಮಾತೇ ಇಲ್ಲ, ಹೋಗಿ ಬರುವಷ್ಟರಲ್ಲಿ ವರ್ಷ ಕಳೆಯುತ್ತದೆ.

ಬಟ್ಟೆಯದು ಇನ್ನೊಂದು ಗೋಳು. ಲಂಡನ್ನಿನ ದರ್ಜಿ ಹೊಲಿದದ್ದು ಮೈಗೆ ಸರಿಯಾಗುತ್ತಿರಲಿಲ್ಲ. 1763ರಲ್ಲಿ ದರ್ಜಿಗೆ ನೇರವಾಗಿ ಬರೆದ: ನನ್ನ ಎತ್ತರ ಆರಡಿ, ಮೈ ದಪ್ಪ ಅನ್ನುವುದಕ್ಕಿಂತ ತೆಳು. 1768ರಲ್ಲಿ ಹೊಸ ಫ್ಯಾಷನ್ನಿನ ಸಾರೋಟು ತರಿಸಿದ. ಅದರ ಮರ ಎಷ್ಟು ಹಸಿ ಇತ್ತು ಅಂದರೆ, ಎರಡು ತಿಂಗಳು ಓಡಿಸುವ ಮೊದಲೇ ಹಲಗೆಗಳು ಜಾಗ ಬಿಟ್ಟು ಜಾರಿದವು, ಸೀಳಿದವು ಅಂತ ಆಮೇಲೆ ದೂರು ಬರೆದ. 1760ರ ಸೆಪ್ಟೆಂಬರಿನ ಕಾಗದ ಇನ್ನೂ ಖಾರ. ಒಳ್ಳೆಯ, ಹೊಸ ಮಾದರಿಯ ಸಾಮಾನಿನ ಬದಲು ನಮ್ಮ ಪೂರ್ವಜರ ಕಾಲದಲ್ಲಿ ಮಾತ್ರ ಬಳಸಬಹುದಾಗಿದ್ದಂಥದ್ದು ಬರುತ್ತಿದೆ ಅಂದ. ರಫ್ತಿಗೆ ಅಂತ ಗೊತ್ತಾದ ಕೂಡಲೇ ಲಂಡನ್ನಿನ ಅಂಗಡಿಯವರು ಹಳೇ ಮಾಲು ದಾಟಿಸಿ, ಬೆಲೆಗೆ ಶೇಕಡ 10, 15, ಕೆಲವೊಮ್ಮೆ 20 ಏರಿಸುತ್ತಾರೆ ಅಂತಲೂ ಆರೋಪಿಸಿದ.

ಗಮನಿಸಿ, ಇಲ್ಲಿ ಅವನು ಬೈದದ್ದು ಅಂಗಡಿಯವರನ್ನು. ಕೇರಿ ಕಂಪನಿಯನ್ನು ನೇರವಾಗಿ ಕಳ್ಳ ಅನ್ನಲಿಲ್ಲ. ನಾನೂ ಅನ್ನುವುದಿಲ್ಲ. ಅಂಗಡಿಯಲ್ಲಿ ನಿಂತು ಕೈಯಿಂದ ಮುಟ್ಟಿ ನೋಡದ ಗಿರಾಕಿಗೆ ಎಲ್ಲ ಕಡೆಯೂ ಕೊನೆಯ ಮಾಲೇ ಸಿಗುವುದು. ಕೇರಿಯ ತಪ್ಪು ಏನೆಂದರೆ, ಬಂದದ್ದನ್ನು ನೋಡದೆ ಕಟ್ಟಿ ಕಳಿಸಿದ. ನೋಡಿದ್ದಕ್ಕೆ ಅವನಿಗೆ ಒಂದು ಪೆನ್ನಿಯೂ ಹೆಚ್ಚು ಸಿಗುತ್ತಿರಲಿಲ್ಲ.

ಸಾಲ ಯಾಕಾಯ್ತು ಅನ್ನುವುದಕ್ಕೆ ವಾಷಿಂಗ್ಟನ್ನೇ ಉತ್ತರ ಕೊಟ್ಟಿದ್ದಾನೆ. 1763ರ ಏಪ್ರಿಲ್‌ನಲ್ಲಿ ಹಳೆಯ ಸೇನಾ ಗೆಳೆಯ ರಾಬರ್ಟ್ ಸ್ಟೂವರ್ಟ್ ದುಡ್ಡು ಕೇಳಿದ್ದ. ಇಲ್ಲ ಅನ್ನಲು ಕಾರಣ ಹೇಳಬೇಕಾಯಿತು. ಸೇನೆಯಿಂದ ಬಂದಾಗ ಹೊಲಮನೆ ಹಾಳಾಗಿತ್ತು, ಕಟ್ಟಡ, ಜಮೀನು, ಗುಲಾಮರು ಎಲ್ಲಾ ಕೊಳ್ಳಬೇಕಾಯಿತು, ಎಲ್ಲಿದ್ದೇನೆ ಅಂತ ಗೊತ್ತಾಗುವ ಮೊದಲೇ ಮದುವೆಯಿಂದ ಬಂದ ದುಡ್ಡೆಲ್ಲ ನುಂಗಿಹೋಯಿತು, ಮೇಲೆ ಸಾಲವೂ ಆಯಿತು ಅಂದ. ವರ್ಜೀನಿಯಾದಲ್ಲಿ ದೊಡ್ಡ ಮನುಷ್ಯ ಅನ್ನಿಸಿಕೊಳ್ಳಲು ದೊಡ್ಡ ಮನುಷ್ಯನ ಹಾಗೆ ಬದುಕಬೇಕಿತ್ತು. ಸಾಲದ ಬಾಗಿಲು ಸದಾ ತೆರೆದೇ ಇತ್ತು. ಪಟ್ಟಿ ಬರೆದು ಹಡಗಿನ ಕ್ಯಾಪ್ಟನ್ ಕೈಗೆ ಕೊಟ್ಟರೆ ಸಾಕು, ಸಾಮಾನು ಬರುತ್ತಿತ್ತು. ಅದರ ಬೆಲೆ ಎಷ್ಟಾಯ್ತು ಅನ್ನುವುದು ಸಾಮಾನಿನ ಜೊತೆಗೇ ಗೊತ್ತಾಗುತ್ತಿತ್ತು. ಕೈಯಲ್ಲಿ ನಗದು ಬೇಕಾದರೆ ಕೇರಿಯ ಮೇಲೆ ಹುಂಡಿ (ಇವರಿಗೆ ಇಷ್ಟು ಹಣ ಕೊಡಿ ಅನ್ನುವ ಚೀಟಿ) ಬರೆದು ಯಾರಿಗಾದರೂ ಕೊಡಬಹುದಿತ್ತು. ಆ ಹುಂಡಿಯೂ ಅದೇ ಖಾತೆಗೆ ಬೀಳುತ್ತಿತ್ತು. ಉಳಿದ ಬಾಕಿಗೆ ವರ್ಷಕ್ಕೆ ಶೇಕಡ 5 ಬಡ್ಡಿ.

1764ರ ಹೊತ್ತಿಗೆ ಕೇರಿಗೆ ಬರಬೇಕಾದದ್ದು ಸುಮಾರು 1,800 ಪೌಂಡ್. ಕಂಪನಿ ನೆನಪಿಸಿ ಬರೆಯಿತು. ಆಗಸ್ಟ್ 10ರ ಉತ್ತರದಲ್ಲಿ ವಾಷಿಂಗ್ಟನ್‌ನ ಮುಖಭಂಗ ಕಾಣುತ್ತದೆ. ಇದಕ್ಕೆ ನನ್ನ ದುರ್ನಡತೆಗಿಂತ ಕೆಟ್ಟ ಕಾಲ ಕಾರಣ ಅಂದ. ಸ್ವತಂತ್ರ ಮನಸ್ಸಿನವನಿಗೆ ಸಾಲದಲ್ಲಿ ಸಿಕ್ಕಿಕೊಳ್ಳುವುದು ಬೇಸರದ ಸಂಗತಿ ಅಂತಲೂ ಬರೆದ. ಗೆಳೆಯನಿಗೆ ಬರೆದ ಕಾಗದದಲ್ಲಿ ಖರ್ಚಿನ ಮಾತು, ಸಾಹುಕಾರನಿಗೆ ಬರೆದದ್ದರಲ್ಲಿ ಕಾಲದ ಮಾತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಬೇಕು.

ಮರುವರ್ಷ, 1765ರ ಸೆಪ್ಟೆಂಬರ್ 20ರಂದು, ಅವನ ತಾಳ್ಮೆ ಕಟ್ಟೆ ಒಡೆಯಿತು. ಮಾರಾಟದ ಬೆಲೆ ತೀರಾ ಕಡಿಮೆ ಅಂದ. ನಾವು ಬೆಳೆಯುವುದು ಸ್ವೀಟ್ ಸೆಂಟೆಡ್ ಮಾತ್ರ, ಅಷ್ಟು ಜೋಪಾನದಿಂದ ಹದ ಮಾಡುತ್ತೇವೆ, ಆದರೂ ಇಷ್ಟೇನಾ ಅಂತ ಕೇಳಿದ. ಲಿವರ್‌ಪೂಲಿನ ವ್ಯಾಪಾರಿಯೊಬ್ಬನ ಮೂಲಕ ಮಾರಿದ ಸೊಪ್ಪಿನ ಜೊತೆ ಹೋಲಿಸಿಯೂ ತೋರಿಸಿದ. ಹೀಗೇ ಆದರೆ ಬೇರೆ ಕಡೆ ನೋಡಬೇಕಾಗುತ್ತದೆ ಅನ್ನುವ ಸೂಚನೆ ಅದರಲ್ಲಿದೆ. ಅದೇ ಕಾಗದದಲ್ಲಿ ಸೆಣಬು, ಅಗಸೆ ನಾರಿಗೆ ಅಲ್ಲಿ ಏನು ಬೆಲೆ ಇದೆ ಅಂತ ವಿಚಾರಿಸಿದ. ವಸಾಹತುಗಳ ಕಾಗದಪತ್ರಗಳ ಮೇಲೆ ಬ್ರಿಟನ್ ತೆರಿಗೆ ಹಾಕಿದ ಸ್ಟ್ಯಾಂಪ್ ಕಾಯ್ದೆಯನ್ನು ಬೈದದ್ದೂ ಅದರಲ್ಲೇ. ಸೊಪ್ಪಿನ ಬೆಲೆ, ಬೇರೆ ಬೆಳೆಯ ಯೋಚನೆ, ಬ್ರಿಟಿಷ್ ತೆರಿಗೆಯ ಮೇಲಿನ ಸಿಟ್ಟು, ಮೂರೂ ಒಂದೇ ಕಾಗದದಲ್ಲಿ. ಅವನ ವ್ಯಾಪಾರಿ ಪತ್ರಗಳಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ ಅಂತ ನಾನು ಹೇಳುತ್ತೇನೆ.

ಈಗ 'ಬೇರೆಯವರಿಗೆ ಮಾರಬಹುದಿತ್ತಲ್ಲ' ಅನ್ನುವುದು. ಮೊದಲನೆಯ ಅಡ್ಡಿ ಕಾನೂನು. 1660ರ ನ್ಯಾವಿಗೇಷನ್ ಕಾಯ್ದೆಯಿಂದ ವಸಾಹತುಗಳ ತಂಬಾಕು ಬ್ರಿಟನ್ ಅಥವಾ ಅದರದ್ದೇ ವಸಾಹತುಗಳಿಗೆ ಮಾತ್ರ ಹೋಗಬಹುದಿತ್ತು. ಫ್ರಾನ್ಸಿಗೋ ಹಾಲೆಂಡಿಗೋ ನೇರ ಕಳಿಸುವ ಹಾಗಿರಲಿಲ್ಲ. ಆದರೆ ಸೊಪ್ಪಿನ ದೊಡ್ಡ ಪಾಲು ಕೊನೆಗೆ ಸೇರುತ್ತಿದ್ದದ್ದು ಆ ದೇಶಗಳಿಗೇ. ಫ್ರಾನ್ಸಿನಲ್ಲಿ ತಂಬಾಕು ಕೊಳ್ಳುವ ಹಕ್ಕು ಒಂದೇ ಗುತ್ತಿಗೆದಾರರ ಕೂಟದ್ದು, 'ಫಾರ್ಮರ್ಸ್ ಜನರಲ್' ಅಂತ. ಒಬ್ಬನೇ ದೊಡ್ಡ ಗಿರಾಕಿ, ಕೈಯಲ್ಲಿ ನಗದು. ಅವರು ಹೇಳಿದ್ದೇ ಬೆಲೆ ಅನ್ನುವ ಸ್ಥಿತಿ. ಅವರ ಖರೀದಿ ನಡೆಯುತ್ತಿದ್ದದ್ದು ಬ್ರಿಟನ್ನಿನ ಬಂದರುಗಳಲ್ಲಿ. ವರ್ಜೀನಿಯಾದ ಬೆಳೆಗಾರ ಆ ಮಾತುಕತೆಯಲ್ಲಿ ಎಲ್ಲೂ ಇಲ್ಲ.

ಎರಡನೆಯ ದಾರಿ ಗ್ಲ್ಯಾಸ್ಗೋದವರದು. 1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನ ಜೊತೆ ಸೇರಿದ ಮೇಲೆ ಅವರಿಗೂ ವಸಾಹತುಗಳ ವ್ಯಾಪಾರ ಸಿಕ್ಕಿತು. ಜಾನ್ ಗ್ಲಾಸ್‌ಫೋರ್ಡ್, ವಿಲಿಯಂ ಕನಿಂಗ್‌ಹ್ಯಾಮ್, ಅಲೆಕ್ಸಾಂಡರ್ ಸ್ಪಿಯರ್ಸ್ ಇಂಥವರು ವರ್ಜೀನಿಯಾದ ಒಳನಾಡಿನಲ್ಲಿ ಅಂಗಡಿ ತೆರೆದರು. ಅಂಗಡಿಯ ಗುಮಾಸ್ತ ಸೊಪ್ಪನ್ನು ಅಲ್ಲೇ ಕೊಳ್ಳುತ್ತಿದ್ದ, ಬದಲಿಗೆ ಸಾಮಾನು. ಸಮುದ್ರದ ಅಪಾಯ ರೈತನದ್ದಲ್ಲ, ಬೆಲೆ ಆ ದಿನವೇ ಗೊತ್ತು. ಸಣ್ಣ ರೈತರಿಗೆ ಇದು ಎಷ್ಟೋ ವಾಸಿ. ಆದರೆ ಪುಸ್ತಕದ ಸಾಲ ಇಲ್ಲೂ ತಪ್ಪಲಿಲ್ಲ. 1760ರ ದಶಕಕ್ಕೆ ಗ್ಲ್ಯಾಸ್ಗೋ ಲಂಡನ್ನನ್ನೇ ಹಿಂದೆ ಹಾಕಿತು. ಅಲ್ಲಿ ಈಗಲೂ ವರ್ಜೀನಿಯಾ ಸ್ಟ್ರೀಟ್, ಗ್ಲಾಸ್‌ಫೋರ್ಡ್ ಸ್ಟ್ರೀಟ್ ಇವೆ. ಕನಿಂಗ್‌ಹ್ಯಾಮನ ಬಂಗಲೆ ಈಗ ಊರಿನ ಆಧುನಿಕ ಕಲೆಯ ಗ್ಯಾಲರಿ.

ಮೂರನೆಯ ಅಡ್ಡಿ ನಾನು ಮೊದಲೇ ಹೇಳಿದ ಬಾಕಿ. ಸಾಲ ಇಟ್ಟುಕೊಂಡು ಸೊಪ್ಪನ್ನು ಬೇರೆಯವನಿಗೆ ಕಳಿಸಿದರೆ ಹಳೆಯವನು ಸುಮ್ನೆ ಇರುತ್ತಾನಾ? ಹುಂಡಿ ವಾಪಸ್ ಮಾಡುತ್ತಾನೆ, ಊರಲ್ಲೆಲ್ಲ ಮರ್ಯಾದೆ ಹೋಗುತ್ತದೆ.

ವಾಷಿಂಗ್ಟನ್ ಹುಡುಕಿಕೊಂಡ ದಾರಿ ಬೆಳೆಯನ್ನೇ ಬಿಡುವುದು. 1760ರ ದಶಕದ ಮಧ್ಯಕ್ಕೆ ಪೊಟೊಮ್ಯಾಕ್ ನದಿ ದಂಡೆಯ ತನ್ನ ಎಸ್ಟೇಟು ಮೌಂಟ್ ವರ್ನನ್‌ನಲ್ಲಿ ಹೊಗೆಸೊಪ್ಪು ನಿಲ್ಲಿಸಿ ಗೋಧಿಗೆ ತಿರುಗಿದ. ಕಸ್ಟಿಸ್ ಜಮೀನುಗಳಲ್ಲಿ ಸೊಪ್ಪು ಮುಂದುವರಿಯಿತು, ಅದು ಕೇರಿಗೇ ಹೋಗುತ್ತಿತ್ತು. ಗೋಧಿಗೆ ಲಂಡನ್ ಬೇಕಿರಲಿಲ್ಲ. ಹತ್ತಿರದ ಅಲೆಕ್ಸಾಂಡ್ರಿಯಾದ ಕಾರ್ಲೈಲ್ ಅಂಡ್ ಆಡಮ್ ಕಂಪನಿಯವರು ಕೊಳ್ಳುತ್ತಿದ್ದರು. ಆಮೇಲೆ ದೊಡ್ಡ ಹಿಟ್ಟಿನ ಗಿರಣಿ ಕಟ್ಟಿಸಿದ, ನದಿಯಲ್ಲಿ ಮೀನು ಹಿಡಿಸಿ ಉಪ್ಪು ಹಾಕಿ ಮಾರಿದ, ಮನೆಯಲ್ಲೇ ನೇಯ್ಗೆ ಶುರುಮಾಡಿಸಿದ. ವಾಷಿಂಗ್ಟನ್‌ನ ದಂಡಯಾತ್ರೆಗಳಿಗಿಂತ ಈ ತೀರ್ಮಾನದಲ್ಲೇ ಅವನ ಬುದ್ಧಿ ಹೆಚ್ಚು ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅಕ್ಕಪಕ್ಕದ ಎಷ್ಟೋ ದೊಡ್ಡ ಮನೆಯವರು ಸೊಪ್ಪು ಬಿಡಲಾಗದೆ ಮುಳುಗಿದರು. ವರ್ಜೀನಿಯಾದ ಖಜಾಂಚಿಯಾಗಿದ್ದ ಜಾನ್ ರಾಬಿನ್ಸನ್ 1766ರಲ್ಲಿ ಸತ್ತ. ಸುಟ್ಟು ಹಾಕಬೇಕಿದ್ದ ಸರ್ಕಾರಿ ನೋಟುಗಳಲ್ಲಿ ಸುಮಾರು 1,00,000 ಪೌಂಡ್‌ನಷ್ಟನ್ನು ಅವನು ಸಾಲದಲ್ಲಿದ್ದ ಸ್ನೇಹಿತರಿಗೆ ಗುಟ್ಟಾಗಿ ಕೊಟ್ಟಿದ್ದ ಅಂತ ಆಗ ಹೊರಬಿತ್ತು.

1769ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ತನ್ನ ನೆರೆಯ ಜಾರ್ಜ್ ಮೇಸನ್‌ಗೆ ಒಂದು ಸ್ವಾರಸ್ಯದ ಮಾತು ಬರೆದ. ಬ್ರಿಟಿಷ್ ಸಾಮಾನಿನ ಬಹಿಷ್ಕಾರದ ಚರ್ಚೆ ನಡೆದಿತ್ತು. ಬಹಿಷ್ಕಾರ ಬಂದರೆ ದುಂದುವೆಚ್ಚ ಮಾಡುವವನಿಗೂ ಕೈ ಬಿಗಿ ಹಿಡಿಯಲು ಒಂದು ನೆಪ ಸಿಗುತ್ತದೆ ಅಂದ. ಸಾಲ ಆಗಿದೆ ಅಂತ ಖರ್ಚು ಕಡಿಮೆ ಮಾಡಿದರೆ ಜನ ಆಡಿಕೊಳ್ಳುತ್ತಾರೆ, ದೇಶಕ್ಕಾಗಿ ಅಂದರೆ ಮರ್ಯಾದೆ ಉಳಿಯುತ್ತದೆ. ಸಾಲ ತಪ್ಪಿಸಿಕೊಳ್ಳಲಿಕ್ಕೇ ಅಮೆರಿಕದವರು ದಂಗೆ ಎದ್ದರು ಅನ್ನುವವರಿದ್ದಾರೆ. ಅದು ಅತಿಯಾಯಿತು. ಆದರೆ ಸಾಲದ ಉರಿ ರಾಜಕೀಯದ ಉರಿಗೆ ಸೇರಿಕೊಂಡಿತ್ತು ಅನ್ನುವುದಕ್ಕೆ ಈ ಸಾಲುಗಳೇ ಸಾಕು.

ವ್ಯಾಪಾರಿಯ ಕಡೆಯನ್ನೂ ನೋಡಬೇಕು. ಅವನೂ ಸಾಲದ ಮೇಲೇ ನಿಂತವನು. ಬಟ್ಟೆ, ಕಬ್ಬಿಣದ ಅಂಗಡಿಗಳಿಂದ ಉದ್ದರಿಯಲ್ಲಿ ತಂದು ಕಳಿಸುತ್ತಿದ್ದ. ಸೊಪ್ಪು ಬರದಿದ್ದರೆ ಅವನೂ ಸಿಕ್ಕಿಬೀಳುತ್ತಿದ್ದ. 1772ರ ಜೂನ್‌ನಲ್ಲಿ ಲಂಡನ್ ಬ್ಯಾಂಕರ್ ಅಲೆಕ್ಸಾಂಡರ್ ಫೋರ್ಡೈಸ್ ದಿವಾಳಿಯಾಗಿ ಫ್ರಾನ್ಸಿಗೆ ಓಡಿಹೋದ. ಸ್ಕಾಟ್ಲೆಂಡಿನ ಏರ್ ಬ್ಯಾಂಕ್ ಕುಸಿಯಿತು. ದುಡ್ಡು ಬಿಗಿಯಾಯಿತು, ವ್ಯಾಪಾರಿಗಳು ವರ್ಜೀನಿಯಾದ ಬಾಕಿಗಳ ಮೇಲೆ ಬಿದ್ದರು. ವರ್ಷಗಟ್ಟಲೆ ಮೆಲ್ಲಗೆ ಬೆಳೆದಿದ್ದ ಬಾಕಿಯನ್ನು ತಕ್ಷಣ ಕೊಡಿ ಅಂತ ಒಂದೇ ಸಲ ಕೇಳಿದರು.

ಕೊಡದಿದ್ದರೆ? 1732ರಲ್ಲೇ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತ್ತು. ವಸಾಹತುಗಳಲ್ಲಿ ಬ್ರಿಟಿಷ್ ಸಾಲಕ್ಕೆ ಜಮೀನನ್ನೂ ಗುಲಾಮರನ್ನೂ ಜಪ್ತಿ ಮಾಡಬಹುದು. ಅಂದರೆ ಲಂಡನ್ನಿನ ಖಾತೆಯಲ್ಲಿ ಸಾಲಗಾರ ಪ್ಲಾಂಟರ್, ಸಾಲ ಕೊಟ್ಟವನು ಕೇರಿ. ನಾಟಿ ಮಾಡಿ, ಹುಳ ಆರಿಸಿ, ಪೀಪಾಯಿ ತುಂಬಿದವರು ಆ ಖಾತೆಯಲ್ಲಿ ಎಲ್ಲೂ ಇಲ್ಲ. ಅವರು ಇದ್ದದ್ದು ಜಾಮೀನಿನ ರೂಪದಲ್ಲಿ. ಪ್ಲಾಂಟರ್ ಸಾಲ ಕಟ್ಟಲಾಗದೆ ಹೋದರೆ ಅಪ್ಪ, ಅಮ್ಮ, ಮಕ್ಕಳು ಬೇರೆ ಬೇರೆ ಕೈಗೆ ಮಾರಾಟವಾಗುತ್ತಿದ್ದರು. ಪ್ಲಾಂಟರ್‌ಗಳ ಕಾಗದಗಳಲ್ಲಿ 'ನಾವು ಸಾಹುಕಾರರ ಗುಲಾಮರಾಗಿಬಿಟ್ಟೆವು' ಅನ್ನುವ ಧಾಟಿ ಬಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ವಾಷಿಂಗ್ಟನ್‌ನ ಬಾಕಿ ತೀರಿದ್ದು ಹೇಗೆ? ಗೋಧಿಯಿಂದ ಅಲ್ಲ. 1773ರ ಜೂನ್ 19ರಂದು ಮಾರ್ಥಾಳ ಮಗಳು ಪ್ಯಾಟ್ಸಿ ಮೂರ್ಛೆರೋಗದಿಂದ ತೀರಿಕೊಂಡಳು. ಹದಿನೇಳು ವರ್ಷವಿರಬೇಕು ಅಷ್ಟೇ. ಆಗ ಹೇಳಿದ ಮೂರು ಪಾಲಿನಲ್ಲಿ ಅವಳ ಪಾಲಿನ ಅರ್ಧ ಅಣ್ಣನಿಗೆ, ಅರ್ಧ ತಾಯಿಗೆ ಬಂತು, ಅಂದರೆ ವಾಷಿಂಗ್ಟನ್ ಕೈಗೆ. ಸುಮಾರು 8,000 ಪೌಂಡ್. ಅದರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಷೇರುಗಳೂ ಇದ್ದವು. ಅವನ್ನು ಮಾರಿ ನನ್ನ ಬಾಕಿಗೆ ಹಾಕಿಕೊಳ್ಳಿ ಅಂತ ಅದೇ ವರ್ಷದ ಕೊನೆಗೆ ಕೇರಿಗೆ ಬರೆದ. ಗೋಧಿ ಅವನನ್ನು ಹೊಸ ಸಾಲದಿಂದ ತಪ್ಪಿಸಿತ್ತು. ಹಳೆಯದನ್ನು ತೀರಿಸಿದ್ದು ಮಲಮಗಳ ಆಸ್ತಿ.

ಇಂಥ ಆಸ್ತಿ ಬರದವರ ಪಾಡು ತಿಳಿಯಲು, ಮುಂದೆ ಅಮೆರಿಕದ ಅಧ್ಯಕ್ಷನಾದ ವರ್ಜೀನಿಯಾದ ಪ್ಲಾಂಟರ್ ಥಾಮಸ್ ಜೆಫರ್ಸನ್‌ನನ್ನು ನೋಡಿ. ಅವನ ಮಾವ ಜಾನ್ ವೇಲ್ಸ್ ಬ್ರಿಸ್ಟಲ್ಲಿನ ಫ್ಯಾರೆಲ್ ಅಂಡ್ ಜೋನ್ಸ್ ಕಂಪನಿಗೆ ಏಜೆಂಟನಾಗಿದ್ದ. ಅವರ ಪರವಾಗಿ ಪ್ಲಾಂಟರ್‌ಗಳಿಂದ ಬಾಕಿ ವಸೂಲಿ ಮಾಡುತ್ತಿದ್ದವನು, ತಾನೂ ಅವರಿಗೆ ದೊಡ್ಡ ಸಾಲಗಾರ. 1773ರಲ್ಲಿ ಅವನು ಸತ್ತ. ಅಳಿಯಂದಿರು ಜಮೀನು, ಗುಲಾಮರನ್ನು ಹಂಚಿಕೊಂಡಾಗ ಸಾಲವೂ ಹಂಚಿಕೆಯಾಯಿತು. ಜೆಫರ್ಸನ್ ಜಮೀನು ಮಾರಿದ. ಆದರೆ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಬಂದ ನೋಟುಗಳು ಬೆಲೆ ಕಳೆದುಕೊಂಡಿದ್ದವು, ಸಾಲ ಹಾಗೇ ಉಳಿಯಿತು. ಈ ಸಾಲಗಳು ಅಪ್ಪನಿಂದ ಮಗನಿಗೆ ತಲೆತಲಾಂತರವಾಗಿ ಬರುತ್ತಿದ್ದವು, ಪ್ಲಾಂಟರ್‌ಗಳು ಲಂಡನ್ನಿನ ವ್ಯಾಪಾರಿ ಮನೆಗಳಿಗೆ ಅಂಟಿಕೊಂಡ ಒಂದು ಬಗೆಯ ಆಸ್ತಿಯಾಗಿದ್ದರು ಅಂತ ಮುಂದೆ ಬರೆದ. ಅನುಭವಿಸಿದವನ ಮಾತು ಅದು. ಅವನು 1826ರಲ್ಲಿ ತೀರಿಕೊಂಡಾಗಲೂ ಒಂದು ಲಕ್ಷ ಡಾಲರ್‌ಗಿಂತ ಹೆಚ್ಚು ಸಾಲವಿತ್ತು. ಮರುವರ್ಷದ ಜನವರಿಯಲ್ಲಿ ಅವನ ಎಸ್ಟೇಟು ಮಾಂಟಿಚೆಲೋದ ಸುಮಾರು 130 ಗುಲಾಮರನ್ನು ಮಾರಾಟಕ್ಕೆ ಇಟ್ಟರು.

ಸ್ವಾತಂತ್ರ್ಯ ಬಂದ ಮೇಲೆ ಬ್ರಿಟಿಷರ ಬಾಕಿ ಮನ್ನಾ ಆಯಿತು ಅಂತ ಹಲವರು ಅಂದುಕೊಂಡಿದ್ದಾರೆ. ಆಗಲಿಲ್ಲ. ಯುದ್ಧದ ನಡುವೆ ವರ್ಜೀನಿಯಾ ಒಂದು ಕಾಯ್ದೆ ತಂದಿತ್ತು: ಬ್ರಿಟಿಷ್ ಸಾಲವನ್ನು ರಾಜ್ಯದ ಕಚೇರಿಗೆ ನೋಟಿನಲ್ಲಿ ಕಟ್ಟಿದರೆ ಸಾಕು. ಆದರೆ 1783ರ ಪ್ಯಾರಿಸ್ ಒಪ್ಪಂದದ ನಾಲ್ಕನೇ ವಿಧಿ ಸಾಲ ವಸೂಲಿಗೆ ಅಡ್ಡಿ ಮಾಡಬಾರದು ಅಂದಿತು. 1791ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿಗಳು ಬಡ್ಡಿ ಸೇರಿಸಿ ಕೇಳುತ್ತಿದ್ದದ್ದು ಸುಮಾರು 50 ಲಕ್ಷ ಪೌಂಡ್. ಅದರಲ್ಲಿ ಅರ್ಧದ ಹತ್ತಿರ ವರ್ಜೀನಿಯಾ ಒಂದರದ್ದೇ. 1796ರಲ್ಲಿ ವೇರ್ ವಿರುದ್ಧ ಹಿಲ್ಟನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ವರ್ಜೀನಿಯಾದ ಕಾಯ್ದೆಯನ್ನು ಬದಿಗಿಟ್ಟು ಒಪ್ಪಂದ ದೊಡ್ಡದು ಅಂದಿತು. ಸಾಲಗಾರರ ಪರ ವಾದಿಸಿ ಸೋತ ವಕೀಲ ಜಾನ್ ಮಾರ್ಷಲ್. ಐದು ವರ್ಷದ ಮೇಲೆ ಅವನೇ ಆ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ.

ಕೊನೆಗೆ 1802ರ ಜನವರಿಯಲ್ಲಿ ಎರಡೂ ಸರ್ಕಾರಗಳು ರಾಜಿಗೆ ಬಂದವು. ವಸೂಲಿಯಾಗದೆ ಉಳಿದ ಸಾಲಗಳ ಬಾಬ್ತಿಗೆ ಅಮೆರಿಕ 6,00,000 ಪೌಂಡ್‌ಗಳನ್ನು ಮೂರು ಕಂತಿನಲ್ಲಿ ಕೊಡುವುದು ಅಂತಾಯಿತು. ಕೇಳಿದ್ದರ ಎಂಟರಲ್ಲಿ ಒಂದು ಪಾಲು ಅಷ್ಟೇ. ಆಗ ಅಧ್ಯಕ್ಷನಾಗಿದ್ದವನು ಜೆಫರ್ಸನ್.